ಅರ್ಜಿ ಮಾವನ ಸೆಲ್ಲುಗಳು

ಅರ್ಜಿ ಮಾವ ತನ್ನ ಒಡಹುಟ್ಟಿದ ಅಕ್ಕನ ಮನೆಯ ಮೇಲೆಯೇ ಅರ್ಜಿ ಹಾಕಿದ ಮೇಲೆ ಭಾವ ಅವನೊಂದಿಗೆ ಮಾತು ಬಿಟ್ಟು ಮೂರು ವರ್ಷವಾಗಿತ್ತು.

ಅವನು ನೀರು ಸರಬರಾಜು ಕಚೇರಿಯಲ್ಲಿ ಆವಕ-ಜಾವಕ ಗುಮಾಸ್ತ. ಒಳಗೆ ಬರುವ ಪತ್ರಕ್ಕೊಂದು ನಂಬರು, ಹೊರಗೆ ಹೋಗುವ ಪತ್ರಕ್ಕೊಂದು ನಂಬರು, ಎರಡಕ್ಕೂ ಒಂದೊಂದು ಮೊಹರು, ಕೆಲಸ ಅಷ್ಟೇ. ಹದಿನೆಂಟು ವರ್ಷ ಊರವರ ಅರ್ಜಿಗಳಿಗೆ ಮೊಹರು ಕುಟ್ಟಿ ಕುಟ್ಟಿ ಅವನಿಗೂ ಕೈ ತುರಿಸತೊಡಗಿತ್ತು. ಬಸ್ಸು ಐದು ನಿಮಿಷ ತಡವಾದರೆ ಒಂದು ಅರ್ಜಿ, ಪಾರ್ಕಿನ ಬೆಂಚಿನ ಹಸಿ ಬಣ್ಣ ಪ್ಯಾಂಟಿಗೆ ಹತ್ತಿದರೆ ಒಂದು ಅರ್ಜಿ, ಬೀದಿ ದೀಪ ಹಗಲಲ್ಲಿ ಉರಿದರೆ ಒಂದು, ಕತ್ತಲಾದ ಮೇಲೆ ಉರಿಯದಿದ್ದರೆ ಇನ್ನೊಂದು. ಅಷ್ಟು ಅರ್ಜಿಗಳಲ್ಲಿ ಕ್ರಮ ಜರುಗಿದ್ದು ಒಂದೇ ಒಂದಕ್ಕೆ. ಅಕ್ಕನ ಮನೆಯ ಹಿತ್ತಲಲ್ಲಿ ಮೀಟರಿಗೆ ಸೇರದ ಎರಡನೆಯ ನಲ್ಲಿಯೊಂದಿತ್ತು. ಒಂದು ಭಾನುವಾರ ಅವನು ಅಲ್ಲಿ ಹೊಟ್ಟೆ ತುಂಬ ಉಂಡು, ಅದೇ ನಲ್ಲಿಯಲ್ಲಿ ಕೈ ತೊಳೆದು, ಅಕ್ಕ ಕೊಟ್ಟ ಟವೆಲಿನಲ್ಲಿ ಒರೆಸಿಕೊಂಡು, ಸೋಮವಾರ ಬೆಳಿಗ್ಗೆ ಕಚೇರಿಗೆ ಹೋಗಿ ಅದರ ಮೇಲೆ ದೂರು ಬರೆದು, ತಾನೇ ನಂಬರು ಹಾಕಿ, ತಾನೇ ಒಳಗೆ ಕಳಿಸಿದ. ವಾರದೊಳಗೆ ಇಬ್ಬರು ಬಂದು ನಲ್ಲಿ ಕಿತ್ತುಕೊಂಡು ಹೋದರು. ಭಾವ ಲಿಫ್ಟ್ ಮೆಕ್ಯಾನಿಕ್, ಮೊದಲೇ ಮಿತಭಾಷಿ. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಆ ಹತ್ತರಲ್ಲಿ ಬಾಮೈದನ ಪಾಲು ಅಂದಿನಿಂದ ಸೊನ್ನೆಯಾಯಿತು. ಅರ್ಜಿ ಮಾವನಿಗೆ ಇದರಲ್ಲಿ ತನ್ನ ತಪ್ಪೇನೆಂದು ಪ್ರಾಮಾಣಿಕವಾಗಿಯೂ ತಿಳಿಯಲಿಲ್ಲ.

ಭಾವನ ಒಬ್ಬಳೇ ಮಗಳಿಗೆ ಹನ್ನೆರಡು ವರ್ಷ. ಸಣ್ಣವಳಿದ್ದಾಗ ಕಿವಿಯ ಹತ್ತಿರವೇ ಬಂದು ಗುಂಯ್ ಅನ್ನುತ್ತಿದ್ದಳೆಂದು ಅರ್ಜಿ ಮಾವನೇ ಅವಳನ್ನು ಸೊಳ್ಳೆ ಎಂದು ಕರೆದಿದ್ದ, ಅದೇ ಉಳಿಯಿತು. ಸೊಳ್ಳೆಗೆ ರಕ್ತದ ಕ್ಯಾನ್ಸರ್ ಬಂದು, ವರ್ಷಕ್ಕೂ ಮಿಕ್ಕಿ ಚಿಕಿತ್ಸೆ ನಡೆದು, ಇನ್ನೇನು ಹೋಯಿತು ಅನ್ನುವಷ್ಟರಲ್ಲಿ ಮತ್ತೆ ಬಂತು. ಇನ್ನು ಬೇರೆಯವರ ಸ್ಟೆಮ್ ಸೆಲ್ ಹಾಕಿ ಹೊಸ ರಕ್ತ ಕಟ್ಟಿಸುವುದೊಂದೇ ದಾರಿ ಎಂದು ಡಾಕ್ಟರಮ್ಮ ಹೇಳಿದರು. ಅಣ್ಣ ತಮ್ಮ ಅಕ್ಕ ತಂಗಿ ಯಾರೂ ಇಲ್ಲ. ಭಾವನ ಎದೆಯಲ್ಲಿ ಎರಡು ಸ್ಟೆಂಟ್ ಕೂತಿದ್ದವು, ಅಕ್ಕನಿಗೆ ಹಳೆಯ ಲಿವರ್ ಕಾಯಿಲೆ. ದಾನಿಗಳ ಪಟ್ಟಿ ಎಷ್ಟು ಜಾಲಾಡಿದರೂ ಹೊಂದುವವರು ಸಿಗಲಿಲ್ಲ. ಕೊನೆಗೆ ಅಕ್ಕ ತಮ್ಮನ ಕಚೇರಿಗೆ ಫೋನು ಮಾಡಿದಳು. ಅವನು ಎಲ್ಲ ಕೇಳಿಸಿಕೊಂಡು, "ಫಾರಂ ಎಲ್ಲಿ ಸಿಗುತ್ತೆ?" ಎಂದ. ತಮ್ಮ ಒಪ್ಪಿಕೊಳ್ಳುವುದು ಹೀಗೆಯೇ ಎಂದು ಗೊತ್ತಿದ್ದ ಅಕ್ಕ ಫೋನು ಹಿಡಿದುಕೊಂಡೇ ಅತ್ತಳು.

ಪರೀಕ್ಷೆಯಲ್ಲಿ ಅರ್ಧ ಹೊಂದಾಣಿಕೆ ಎಂದು ಬಂತು. ಅರ್ಜಿ ಮಾವನಿಗೆ ನೂರಕ್ಕೆ ಐವತ್ತು ಕೊಟ್ಟಂತಾಗಿ ಮುಖ ಸಣ್ಣದಾಯಿತು. ಮರುಪರೀಕ್ಷೆಗೆ ಅವಕಾಶವಿದೆಯೇ ಎಂದು ಕೇಳಿದ. ಡಾಕ್ಟರಮ್ಮ, ಅರ್ಧ ಸಾಕು, ಈಗ ಅರ್ಧದಲ್ಲೂ ಕೆಲಸ ನಡೆಯುತ್ತದೆ, ಎಚ್ಚರಿಕೆ ಮಾತ್ರ ದುಪ್ಪಟ್ಟು ಬೇಕು ಎಂದು ಸಮಾಧಾನ ಮಾಡಿದರು. ಹನ್ನೆರಡು ಪುಟದ ಒಪ್ಪಿಗೆ ಪತ್ರವನ್ನು ಎಲ್ಲರೂ ಕೊನೆಯ ಪುಟದಿಂದ ಓದಲು ಶುರುಮಾಡಿ ಅಲ್ಲೇ ಸಹಿ ಹಾಕಿ ಮುಗಿಸುತ್ತಾರೆ. ಅವನು ಮೊದಲಿನಿಂದ ಓದಿ, ಏಳು ಕಾಗುಣಿತದ ತಪ್ಪುಗಳಿಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ತಿದ್ದಿದ ಕಡೆಯೆಲ್ಲ ಚಿಕ್ಕ ಸಹಿ ಮಾಡಿ ವಾಪಸು ಕೊಟ್ಟ.

ಐದು ದಿನ ಚುಚ್ಚುಮದ್ದು. ಮೂಳೆಯೊಳಗಿನ ಸೆಲ್ಲುಗಳು ರಕ್ತಕ್ಕೆ ಇಳಿದು ಬರಲೆಂದು ಕೊಡುವ ಆ ಮದ್ದಿಗೆ ಅವನ ಸೊಂಟದ ಮೂಳೆಯೆಲ್ಲ ಯಾರೋ ಒಳಗಿನಿಂದ ಸುತ್ತಿಗೆಯಲ್ಲಿ ಬಡಿದಂತೆ ನೋಯತೊಡಗಿತು. ಅದನ್ನು ಅವನು ಯಾರಿಗೂ ಹೇಳಲಿಲ್ಲ. ಫ್ಯಾನಿನ ಸದ್ದಿಗೆ ರಂಪ ಮಾಡುವ ಮನುಷ್ಯ ನೋವಿಗೆ ತುಟಿ ಪಿಟಕ್ ಅನ್ನಲಿಲ್ಲ. ಆರನೆಯ ದಿನ ಎರಡೂ ತೋಳಿಗೆ ಸೂಜಿ ಚುಚ್ಚಿ ಯಂತ್ರದ ಪಕ್ಕ ಮಲಗಿಸಿದರು. ಐದು ಗಂಟೆ ಕೈ ಮಡಚುವಂತಿಲ್ಲ, ಬರೆಯುವಂತಿಲ್ಲ. ಅವನಿಗೆ ನಿಜವಾದ ಹಿಂಸೆಯಾದದ್ದು ಅದೊಂದೇ.

ಚೀಲ ತುಂಬಿ ಸೊಳ್ಳೆಯ ಕೋಣೆಗೆ ಹೊರಟಾಗ ಅವನು ಸ್ವೀಕೃತಿ ಬೇಕೆಂದ. ದೊಡ್ಡ ಸಿಸ್ಟರ್ ಇಪ್ಪತ್ತು ವರ್ಷ ಆ ವಾರ್ಡಿನಲ್ಲಿ ಎಲ್ಲ ತರದವರನ್ನು ಕಂಡಿದ್ದವರು. ವಾದಕ್ಕಿಳಿಯದೆ ಹತ್ತಿಯ ಪೊಟ್ಟಣದ ಕಾಗದ ಹರಿದು "ಒಂದು ಚೀಲ ತಲುಪಿದೆ" ಎಂದು ಬರೆದುಕೊಟ್ಟರು. ಮೊಹರು ಇಲ್ಲವಲ್ಲ ಎಂದ. ಕೈಗೆ ಸಿಕ್ಕ ಮೊಹರು ಒತ್ತಿದರು. ಹೊರಗೆ ಬಂದು ನೋಡಿದರೆ ಅದರಲ್ಲಿ "ಬಾಯಿಗೆ ಏನೂ ಕೊಡಬಾರದು" ಎಂದಿತ್ತು.

ಕಚೇರಿಯಲ್ಲಿ ವಿಷಯ ತಿಳಿದು ಎಲ್ಲರೂ ಮೇಜಿನ ಸುತ್ತ ಸೇರಿದರು. ಸೆಲ್ಲು ಕೊಟ್ಟೆ ಎಂದರೆ ಜವಾನನು ದಪ್ಪದ್ದೋ ಸಣ್ಣದ್ದೋ, ಟಾರ್ಚಿಗೋ ಗಡಿಯಾರಕ್ಕೋ ಎಂದು ಕೇಳಿದ. ಅರ್ಜಿ ಮಾವ ನಗಲಿಲ್ಲ. ನನ್ನವು ಈಗ ಅವಳ ಮೂಳೆಯೊಳಗೆ ಜಾಗ ಹುಡುಕುತ್ತಿರಬಹುದು ಎಂದು ಗಡಿಯಾರ ನೋಡಿ ಹೇಳಿದ.

ಚೀಲ ಹಾಕಿದ ಮೂರನೆಯ ದಿನ ತಕರಾರು ಎದ್ದಿತು. ಅವನು ವಾರ್ಡಿನ ಬಾಗಿಲಿಗೆ ಬಂದು, ಸೊಳ್ಳೆ ಒಳಗೆ ಹೇಗಿದೆ ಎಂದು ಗಟ್ಟಿಯಾಗಿ ವಿಚಾರಿಸಿದ. ಆ ವಾರ್ಡಿನಲ್ಲಿ ಗಾಳಿಯನ್ನೂ ಸೋಸಿ ಬಿಡುತ್ತಾರೆ. ಸೊಳ್ಳೆ ಎಂಬ ಮಾತು ಕಿವಿಗೆ ಬಿದ್ದದ್ದೇ ಸ್ವಚ್ಛತೆಯ ಹೆಂಗಸು ಪಂಪು ಹಿಡಿದುಕೊಂಡು ಓಡಿಬಂದಳು. ಆ ಗದ್ದಲ ಇಳಿಯುವಷ್ಟರಲ್ಲಿ, ಇವತ್ತು ಮತ್ತು ನಾಳೆ ಹುಡುಗಿಗೆ ಬಲವಾದ ಔಷಧ ಕೊಡುತ್ತಾರೆ, ಅದು ದಾನಿಯ ಸೆಲ್ಲುಗಳಲ್ಲಿ ಕೆಲವನ್ನು ಕೊಲ್ಲಲು ಎಂಬ ಸಂಗತಿ ಅವನಿಗೆ ತಿಳಿಯಿತು. ಮುಖಕ್ಕೆ ಹೊಡೆದಂತಾಯಿತು. ನೇರವಾಗಿ ಡಾಕ್ಟರಮ್ಮನ ಕೋಣೆಗೆ ಹೋದ. ಅಕ್ಕನೂ ಹಿಂದೆಯೇ ಬಂದಳು.

"ನೋಡಿ, ನೀವು ಕೊಟ್ಟಿದ್ರಲ್ಲಿ ಎರಡು ತರದವು ಇವೆ," ಎಂದರು ಡಾಕ್ಟರಮ್ಮ. "ಹೊಸ ರಕ್ತ ಕಟ್ಟೋವು ಈಗ ಸುಮ್ನೆ ಮಲಗಿವೆ. ಇನ್ನು ಕೆಲವು ಕಾವಲು ಕಾಯೋವು. ಅವಕ್ಕೆ ಈ ಹುಡುಗಿ ಮೈಯೇ ಪರಕೀಯ ಅನ್ಸುತ್ತೆ. ಚರ್ಮ, ಕರುಳು, ಲಿವರ್, ಎಲ್ಲದರ ಜೊತೆಗೂ ಜಗಳಕ್ಕೆ ನಿಲ್ತವೆ. ಹಾಗೆ ನಿಂತವು ಮೂರನೇ ದಿನಕ್ಕೆ ಗುಂಪು ಕಟ್ಕೊಂಡು ಭರಭರ ಬೆಳೀತವೆ. ಆ ಹೊತ್ತಿಗೆ ಸರಿಯಾಗಿ ಈ ಔಷಧ ಹೋಗಿ ಅವನ್ನ ಹಿಡಿಯುತ್ತೆ. ಮಲಗಿರೋವಕ್ಕೆ ಏನೂ ಆಗಲ್ಲ."

"ನನ್ನವು ಯಾರ ಜೊತೆಗೂ ಜಗಳಕ್ಕೆ ಹೋಗೋವಲ್ಲ, ಮೇಡಂ."

ಅಕ್ಕ ಸೆರಗಿನ ಅಂಚು ನೋಡುತ್ತ, "ನಿನ್ನವೇ ತಾನೇ, ದೂರು ಹೇಳದೆ ಇರ್ತಾವಾ?" ಎಂದಳು.

ಡಾಕ್ಟರಮ್ಮನಿಗೆ ನಗು ತಡೆಯಲು ಕನ್ನಡಕ ಒರೆಸಿಕೊಳ್ಳಬೇಕಾಯಿತು. ಅರ್ಜಿ ಮಾವ ಕೆಳಗಿನ ಮಹಡಿಗಿಳಿದು, ಕಾಯುವವರ ಬೆಂಚಿನಲ್ಲಿ ಕೂತು, ಮೊಣಕಾಲ ಮೇಲೆ ಫೈಲು ಇಟ್ಟುಕೊಂಡು ಬರೆದ: "ಮಾನ್ಯರೇ, ಈ ಕೆಳಗೆ ಸಹಿ ಮಾಡಿದ ನಾನು ಸ್ವಇಚ್ಛೆಯಿಂದ ಒಂದು ಚೀಲ ಜೀವಕೋಶಗಳನ್ನು ದಾನ ಮಾಡಿರುತ್ತೇನೆ. ಸದರಿ ಜೀವಕೋಶಗಳ ಪೈಕಿ ಕೆಲವನ್ನು ಯಾವುದೇ ವಿಚಾರಣೆ ನಡೆಸದೆ, ಕೇವಲ ಅನುಮಾನದ ಮೇಲೆ, ದಾನಿಯ ಗಮನಕ್ಕೂ ತಾರದೆ ನಾಶಪಡಿಸುತ್ತಿರುವುದು ತಿಳಿದುಬಂದಿದೆ. ಇನ್ನು ಮುಂದೆ ದಾನಿಯ ಲಿಖಿತ ಒಪ್ಪಿಗೆ ಪಡೆದೇ ಮುಂದುವರಿಯತಕ್ಕದ್ದೆಂದು ಪ್ರಾರ್ಥನೆ."

ಆಡಳಿತಾಧಿಕಾರಿಯ ಕಚೇರಿಯಲ್ಲಿ ಅರ್ಜಿಯನ್ನು ಬಹಳ ಗೌರವದಿಂದ ಬರಮಾಡಿಕೊಂಡರು. ಅದರ ಪರಿಶೀಲನೆಗೆ ಉಪಸಮಿತಿ ಬೇಕೇ ಸಮಿತಿಯೇ ಸಾಕೇ ಎಂದು ತೀರ್ಮಾನಿಸಲು ಒಂದು ಸಭೆ ಕರೆದರು. ಅಷ್ಟರಲ್ಲಿ ಮೇಲೆ ದೊಡ್ಡ ಸಿಸ್ಟರ್ ಮೂರನೆಯ ದಿನದ್ದನ್ನು ಮೂರನೆಯ ದಿನ, ನಾಲ್ಕನೆಯ ದಿನದ್ದನ್ನು ನಾಲ್ಕನೆಯ ದಿನ ಕೊಟ್ಟು ಮುಗಿಸಿದ್ದರು.

ಹದಿನೇಳನೆಯ ದಿನ ಸೊಳ್ಳೆಯ ರಕ್ತದಲ್ಲಿ ಹೊಸ ಬಿಳಿ ಕಣಗಳು ಕಾಣಿಸಿಕೊಂಡವು. ಅರ್ಜಿ ಮಾವ ದಿನವೂ ಬೆಳಿಗ್ಗೆ ಚೀಟಿ ಇಸಿದುಕೊಂಡು, ಚುನಾವಣೆಯ ಫಲಿತಾಂಶ ಓದುವವರ ಹಾಗೆ ಬಸ್ ನಿಲ್ದಾಣದವರೆಗೂ ಓದಿಕೊಂಡು ಹೋಗುತ್ತಿದ್ದ. ಇನ್ನೂರಾಯ್ತು, ಐನೂರಾಯ್ತು, ಸಾವಿರ ದಾಟಿದವು ನಮ್ಮವು ಎಂದು ಕಚೇರಿಯಲ್ಲಿ ಸಾರಿದ. ಒಂದೂವರೆ ತಿಂಗಳ ಅರ್ಜಿಗಳು ನಂಬರಿಲ್ಲದೆ ಬಿದ್ದಿದ್ದರೂ ಯಾರೂ ಆಕ್ಷೇಪಿಸಲಿಲ್ಲ. ನೀರಂತೂ ಎಂದಿನಂತೆಯೇ ಬರುತ್ತಿತ್ತು.

ಮೂವತ್ತೆರಡನೆಯ ದಿನ ಹುಡುಗಿಯನ್ನು ವಾರ್ಡಿನಿಂದ ಬಿಟ್ಟರು. ನೂರು ದಿನ ತುಂಬುವವರೆಗೆ ಕೂಗಳತೆಯಲ್ಲೇ ಇರಬೇಕೆಂದು ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಎರಡು ಕೋಣೆಯ ಮನೆ ಹಿಡಿದರು. ಹೂವು ಬೇಡ, ಗಿಡದ ಕುಂಡ ಬೇಡ, ಹಸಿ ತರಕಾರಿ ಬೇಡ, ಜನ ಬೇಡವೇ ಬೇಡ. ಅರ್ಜಿ ಮಾವ ರಜೆ ಹಾಕಿ ಬಾಗಿಲ ಬಳಿ ಒಂದು ಮೇಜು, ಒಂದು ರಿಜಿಸ್ಟರ್, ಒಂದು ಥರ್ಮಾಮೀಟರ್ ಇಟ್ಟುಕೊಂಡು ಕೂತ. ಯಾರು, ಯಾಕೆ, ಕಳೆದ ವಾರ ಕೆಮ್ಮಿದ್ದೀರಾ, ನಿಮ್ಮ ಮನೆಯಲ್ಲಿ ಯಾರು ಕೆಮ್ಮಿದ್ದಾರೆ, ಚಪ್ಪಲಿ ಎಲ್ಲಿ ಬಿಟ್ಟಿರಿ, ಕೈ ಎಷ್ಟು ಹೊತ್ತು ತೊಳೆದಿರಿ. ನೆಂಟರು ಕಚೇರಿಗೆ ಹೋದಾಗ ಸಹಿಸುವುದನ್ನೆಲ್ಲ ಇಲ್ಲಿ ಸಹಿಸಬೇಕಾಯಿತು. ಭಾವನ ಅಕ್ಕ, ಸೊಳ್ಳೆಯ ದೊಡ್ಡತ್ತೆ, ಮೂಗಿಗೆ ಕರವಸ್ತ್ರ ಒತ್ತಿಕೊಂಡು ಬಂದು, ಇದು ನೆಗಡಿಯಲ್ಲ, ದುಃಖ ಎಂದರು. ದುಃಖವಾದರೂ ಸೀನು ಸೀನೇ ಎಂದು ಅರ್ಜಿ ಮಾವ ರಿಜಿಸ್ಟರಿನಲ್ಲಿ "ತಿರಸ್ಕರಿಸಲಾಗಿದೆ" ಎಂದು ಬರೆದ. ದೊಡ್ಡತ್ತೆ ಮೆಟ್ಟಿಲ ಮೇಲೆ ನಿಂತು ಅವನ ವಂಶವನ್ನೆಲ್ಲ ಜಾಲಾಡಿ ಹೋದರು. ಭಾವ ಇದನ್ನೆಲ್ಲ ಕಿಟಕಿಯಿಂದ ನೋಡುತ್ತಿದ್ದರು. ಮರುದಿನ ಆ ಕುಂಟು ಮೇಜಿನ ಕಾಲಿಗೆ ತಾವಾಗಿ ಬಂದು ಸ್ಕ್ರೂ ಬಿಗಿಸಿ ಹೋದರು.

ಎಲ್ಲವೂ ಸರಿಯಾಗಿತ್ತು, ಒಂದು ಮಾತ್ರೆಯ ವಿಷಯ ಬಿಟ್ಟು. ಬೆಳಿಗ್ಗೆ ಎಂಟಕ್ಕೊಂದು, ಸಂಜೆ ಎಂಟಕ್ಕೊಂದು. ಮೂರನೆಯ ದಿನದ ಔಷಧದಿಂದ ತಪ್ಪಿಸಿಕೊಂಡು ಉಳಿದ ಜಗಳಗಂಟ ಸೆಲ್ಲುಗಳನ್ನು ತಿಂಗಳುಗಟ್ಟಲೆ ಹದ್ದುಬಸ್ತಿನಲ್ಲಿ ಇಡುವ ಮಾತ್ರೆ ಅದು. ಅಕ್ಕ ಕೊಡುವಾಗಲೆಲ್ಲ ಅರ್ಜಿ ಮಾವನಿಗೆ ತನ್ನ ಬಾಯಿಗೇ ಬಟ್ಟೆ ತುರುಕಿದಂತಾಗುತ್ತಿತ್ತು. ಸೊಳ್ಳೆಗೂ ಅದು ಸೇರುತ್ತಿರಲಿಲ್ಲ. ಅವಳು ಚಿತ್ರದಲ್ಲಿ ಕತೆ ಬರೆಯುವವಳು. ಆ ಮಾತ್ರೆಗೆ ಕೈ ನಡುಗಿ ಅವಳ ನೇರ ಗೆರೆಗಳೆಲ್ಲ ಹುಳು ಹರಿದಂತೆ ಆಗುತ್ತಿದ್ದವು. ಒಂದು ಮಧ್ಯಾಹ್ನ ಅವಳು ಮುಖ ಊದಿಸಿಕೊಂಡು ಕೂತಿದ್ದಾಗ ಅರ್ಜಿ ಮಾವ, ಇದೆಲ್ಲ ಯಾರ್‍ಯಾರದ್ದೋ ಸೆಲ್ಲು ಹಾಕಿಸಿಕೊಂಡವರಿಗೆ ಮಾಡಿದ ನಿಯಮ, ನಿನ್ನ ಮೈಯಲ್ಲಿರೋದು ಮಾವನ ಸೆಲ್ಲು, ನಿನಗೆ ಅವು ಯಾಕೆ ಕೇಡು ಮಾಡುತ್ತವೆ, ಸುಮ್ಮನೆ ಶಿಸ್ತಿಗೆ ಅಂತ ಕೊಡುತ್ತಾರೆ ಅಷ್ಟೆ ಎಂದ. ಅವಳಿಗೆ ಸಮಾಧಾನವಾಗಲಿ ಎಂದು ಹೇಳಿದ್ದು. ಸ್ವಲ್ಪ ತನ್ನ ಸಮಾಧಾನಕ್ಕೂ ಇರಬಹುದು.

ಹತ್ತು ದಿನ ಕಳೆದು ಸೊಳ್ಳೆಯ ಅಂಗೈ ಕೆಂಪಗಾಯಿತು. ಮರುದಿನ ಅಂಗಾಲು, ಕಿವಿಯ ಹಿಂದೆ, ಕತ್ತು. ಆಮೇಲೆ ಹೊಟ್ಟೆ ಕೆಟ್ಟು ನಿಲ್ಲಲೇ ಇಲ್ಲ. ಮತ್ತೆ ವಾರ್ಡಿಗೆ ಸೇರಿಸಿದರು. ರಕ್ತದಲ್ಲಿ ಮಾತ್ರೆಯ ಮಟ್ಟ ಇರಬೇಕಾದ ಅರ್ಧವೂ ಇಲ್ಲ ಎಂದು ವರದಿ ಬಂತು. ಮಾತ್ರೆ ತಪ್ಪದೆ ಕೊಟ್ಟಿದ್ದೀರಾ ಎಂದು ಡಾಕ್ಟರಮ್ಮ ಕೇಳಿದ್ದಕ್ಕೆ ಅಕ್ಕ ಮಗಳ ತಲೆಯ ಮೇಲೆ ಕೈಯಿಟ್ಟಳು. ಅರ್ಜಿ ಮಾವ ಡಬ್ಬಿ ತಂದು ಸುರಿದು ಎಣಿಸಿದ. ಕೊಟ್ಟದ್ದಕ್ಕೂ ಉಳಿದದ್ದಕ್ಕೂ ಲೆಕ್ಕ ಸರಿಹೊಂದಿತು. ಅಂದ ಮೇಲೆ ತಪ್ಪು ಪ್ರಯೋಗಾಲಯದ್ದೇ. ದಿನವೂ ಬಂದು ರಕ್ತ ತೆಗೆಯುತ್ತಿದ್ದ ಹುಡುಗಿ ಸೀಸೆ ಅದಲು ಬದಲು ಮಾಡಿರಬೇಕು.

ಮಂಚದ ಪಕ್ಕದ ಕುರ್ಚಿಯಲ್ಲಿ ಕೂತು ಅವನು ನಾಲ್ಕು ಪುಟ ಬರೆದ. ಸೊಳ್ಳೆ ಸುಸ್ತಾಗಿ ಮಲಗಿದ್ದಳು. ಮಾವ ಏನು ಬರೆಯುತ್ತಿದ್ದೀಯ ಎಂದಳು. ಓದಿ ಹೇಳಿದ. ರಕ್ತ ತೆಗೆಯುವವಳ ಮೇಲೆ ಕ್ರಮ ಎನ್ನುವ ಕಡೆಗೆ ಬಂದಾಗ ಅವಳು ಕಣ್ಣು ಮುಚ್ಚಿಕೊಂಡಳು.

"ರಕ್ತ ತೆಗೆಯೋ ಅಕ್ಕಂದು ತಪ್ಪಿಲ್ಲ, ಮಾವ."

"ಮತ್ತೆ ಯಾರ್ದು?"

ಅವಳು ದಿಂಬಿನ ಪಕ್ಕದ ಪೆನ್ಸಿಲ್ ಡಬ್ಬಿಯ ಕಡೆಗೆ ಕೈ ತೋರಿಸಿದಳು. ಅದರಲ್ಲಿ ಒಂದು ದಪ್ಪನೆಯ ಸ್ಕೆಚ್ ಪೆನ್ನು. ಮುಚ್ಚಳ ತೆಗೆದು ಬಗ್ಗಿಸಿದರೆ ಶಾಯಿಯ ಕಡ್ಡಿ ಇರಬೇಕಾದ ಕಡೆಯಿಂದ ಮಾತ್ರೆಗಳು ಉದುರಿದವು. ಕೆನ್ನೆಯಲ್ಲಿ ಇಟ್ಟುಕೊಂಡು, ಅಮ್ಮ ಆ ಕಡೆ ತಿರುಗಿದ ಮೇಲೆ ತೆಗೆದವು. ಹದಿಮೂರಿದ್ದವು.

"ಸುಮ್ನೆ ಶಿಸ್ತಿಗೆ ಅಂತ ಕೊಡೋದು ಅಂದ್ಯಲ್ಲ," ಎಂದಳು. "ನಿನ್ ಸೆಲ್ಲು ನಂಗೇನೂ ಮಾಡಲ್ಲ ಅಂದ್ಯಲ್ಲ."

ಅವನು ಉದುರಿದ ಮಾತ್ರೆಗಳನ್ನು ಒಂದೊಂದಾಗಿ ಆರಿಸಿಕೊಂಡ. ಹೇಳಲು ಉಳಿದಿದ್ದೆಲ್ಲವೂ ಬೇರೆ ಯಾರ ಮೇಲಾದರೂ ತಪ್ಪು ಹೊರಿಸುವ ಮಾತುಗಳೇ ಆಗಿದ್ದವು. ನಾಲ್ಕು ಪುಟದ ಹಿಂಬದಿ ಖಾಲಿ ಇತ್ತು. ಅದರ ಮೇಲೆ, ಹುಡುಗಿಗೆ ಆದದ್ದಕ್ಕೆ ನಾನೇ ಹೊಣೆ, ನನ್ನ ಮೇಲೆ ಸೂಕ್ತ ಕ್ರಮ ಕೈಗೊಳ್ಳಬೇಕು ಎಂದು ಬರೆದು, ಮಾತ್ರೆಗಳ ಸಮೇತ ಡಾಕ್ಟರಮ್ಮನ ಮೇಜಿನ ಮೇಲಿಟ್ಟ.

ಅವರು ಓದಿ ಮುಗಿಸಿ ಮಾತ್ರೆಗಳನ್ನು ಎಣಿಸಿದರು.

"ಮಾವಂದಿರ ಮೇಲೆ ಕ್ರಮ ತಗೊಳ್ಳೋ ವಿಭಾಗ ಇಲ್ಲಿಲ್ಲ," ಎಂದರು. "ಕಾರಣ ಗೊತ್ತಾಯ್ತಲ್ಲ, ಅದೇ ದೊಡ್ಡದು. ಸ್ಟೀರಾಯ್ಡ್ ಶುರು ಮಾಡ್ತೀನಿ, ಮಾತ್ರೆ ಮಟ್ಟಕ್ಕೆ ತರ್ತೀನಿ. ಕೈ ನಡುಕ ಇದೆ ಅಂತ ಅವಳು ನನಗೆ ಹೇಳಿದ್ರೆ ಅದಕ್ಕೂ ಏನಾದ್ರೂ ಮಾಡ್ಬಹುದಿತ್ತು. ಹಾಂ, ಇನ್ನೊಂದು. ನಿಮ್ಮ ಸೆಲ್ಲುಗಳು ಪೂರ್ತಿ ಬಾಯಿ ಮುಚ್ಕೊಂಡು ಕೂರೋದೂ ನನಗೆ ಬೇಡ. ಅಡಗಿ ಕೂತ ಕ್ಯಾನ್ಸರ್ ಸೆಲ್ಲನ್ನ ಹುಡುಕಿ ಹಿಡಿಯೋವೂ ಇವೇ. ಅದಕ್ಕೇ ಇವನ್ನ ಹತೋಟಿಯಲ್ಲಿ ಇಡ್ತೀವಿ, ಮುಗಿಸಿಬಿಡಲ್ಲ."

ಭಾವನಿಗೆ ಹೇಳುವುದು ಇದಕ್ಕಿಂತ ಕಷ್ಟವಾಗಿತ್ತು. ಮೆಟ್ಟಿಲ ತಿರುವಿನಲ್ಲಿ ನಿಂತು, ಪೆನ್ನಿನ ಕತೆಯನ್ನೂ ತಾನಾಡಿದ ಮಾತನ್ನೂ ಒಂದಕ್ಷರ ಬಿಡದೆ ಹೇಳಿದ. ಭಾವ ಕೈಯಲ್ಲಿದ್ದ ಸ್ಪ್ಯಾನರನ್ನು ಒಂದು ಜೇಬಿನಿಂದ ಇನ್ನೊಂದಕ್ಕೆ ಹಾಕಿದರು.

"ನೀನು ಕೊಟ್ಟಾಗ ನಾನು ಒಂದು ಒಳ್ಳೆ ಮಾತು ಆಡ್ಲಿಲ್ಲ," ಎಂದರು. ಮೂರು ವರ್ಷದ ಮೇಲೆ ಮೊದಲ ಮಾತು. "ಈಗ ಬೈಯೋದೂ ಇಲ್ಲ. ಇನ್ಮೇಲೆ ಮಾತ್ರೆ ಅವಳ ಗಂಟಲು ಇಳಿಯೋದನ್ನ ನೀನು ಕಣ್ಣಾರೆ ನೋಡ್ಬೇಕು. ಬಾಯಿ ತೆರೆಸಿ ನೋಡ್ಬೇಕು."

"ನೋಡ್ತೀನಿ, ಭಾವ."

ಸೊಳ್ಳೆಯ ಹೊಟ್ಟೆ ಹತೋಟಿಗೆ ಬರಲು ಹನ್ನೆರಡು ದಿನ ಹಿಡಿಯಿತು. ಆ ಹನ್ನೆರಡು ದಿನ ಅರ್ಜಿ ಮಾವ ಒಂದೂ ಅರ್ಜಿ ಬರೆಯಲಿಲ್ಲ. ಬೆಳಿಗ್ಗೆ ಎಂಟಕ್ಕೆ, ಸಂಜೆ ಎಂಟಕ್ಕೆ ಟಾರ್ಚು ಹಿಡಿದು ಅವಳ ಬಾಯಿಯೊಳಗೆ ಇಣುಕುತ್ತಿದ್ದ. ನಾಲಿಗೆ ಮೇಲೆತ್ತು, ಆ ಕೆನ್ನೆ, ಈ ಕೆನ್ನೆ ಎನ್ನುತ್ತಿದ್ದ.

ಹದಿಮೂರನೆಯ ದಿನ ಅವನ ಹೆಸರಿಗೆ ಆಡಳಿತಾಧಿಕಾರಿಯ ಕಚೇರಿಯಿಂದ ಅಭಿನಂದನಾ ಪತ್ರ ಬಂತು. ಎರಡು ತಿಂಗಳ ಹಿಂದಿನ ಅವನ ಅರ್ಜಿಯನ್ನು ಸಮಿತಿ ಸರ್ವಾನುಮತದಿಂದ ಪುರಸ್ಕರಿಸಿತ್ತು. ಇನ್ನು ಮುಂದೆ ಮೂರನೆಯ ದಿನದ ಔಷಧ ಕೊಡುವ ಮೊದಲು ದಾನಿಯ ಲಿಖಿತ ಒಪ್ಪಿಗೆ ಮೂರು ಪ್ರತಿಗಳಲ್ಲಿ ಬೇಕು. ಅದಿಲ್ಲದೆ ಔಷಧಾಲಯದವರು ಸೀಸೆ ಹೊರಗೆ ಕೊಡುವಂತಿಲ್ಲ. ಇಂಥ ಗೆಲುವಿಗಾಗಿ ಅವನು ಹದಿನೆಂಟು ವರ್ಷ ಕಾದಿದ್ದ. ಈಗ ಮಾತ್ರ ಓದಿದವನೇ ಪತ್ರವನ್ನು ಜೇಬಿಗೆ ತುರುಕಿ ಓಡಿದ.

ವಾರ್ಡಿಗೆ ಬಂದರೆ ಆಗಲೇ ಅನಾಹುತ ಶುರುವಾಗಿತ್ತು. ಪಕ್ಕದ ಕೋಣೆಯ ಐದು ವರ್ಷದ ಹುಡುಗಿಗೆ ಅಂದೇ ಮೂರನೆಯ ದಿನ. ದಾನಿ ಅವಳ ಚಿಕ್ಕಪ್ಪ, ಹಡಗಿನಲ್ಲಿ ಅಡುಗೆಯವನು. ಸೆಲ್ಲು ಕೊಟ್ಟ ಮರುದಿನವೇ ಹಡಗು ಹತ್ತಿದ್ದ. ಫೋನು ಸಮುದ್ರದ ಮಧ್ಯೆ ಎಲ್ಲಿ ತಾನೇ ಸಿಗಬೇಕು? ಡಾಕ್ಟರಮ್ಮ ಬೆಳಗಿನಿಂದ ಮೂರು ಸಲ ಕೆಳಗಿಳಿದು ಕೂಗಾಡಿ ಬಂದಿದ್ದರು. ನಿಯಮ ನಿಯಮವೇ, ದಾನಿಯೊಬ್ಬರು ನೊಂದುಕೊಂಡು ಬರೆದದ್ದಕ್ಕೇ ಮಾಡಿದ್ದು ಎಂದು ಉತ್ತರ ಬಂದಿತ್ತು. ದೊಡ್ಡ ಸಿಸ್ಟರ್ ಅರ್ಜಿ ಮಾವನನ್ನು ಒಮ್ಮೆ ನೋಡಿದರು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ಅವನು ಕೆಳಗಿಳಿದು ಹೋದ. ಆಡಳಿತಾಧಿಕಾರಿ ಎದ್ದು ನಿಂತು ಕೈಕುಲುಕಿದರು, ಫೋಟೋ ತೆಗೆಸೋಣ ಎಂದರು. ಮಗುವಿನ ಜೀವದ ಮಾತಾಡಿದರೆ ಇವರು ಕರಗುವವರಲ್ಲ ಎಂದು ಅವನಿಗೆ ಗೊತ್ತಿತ್ತು. ಇಂಥವರ ಮೇಜುಗಳಿಗೆ ಹದಿನೆಂಟು ವರ್ಷ ಕಾಗದ ಕಳಿಸಿದವನು ಅವನು. ಹೊಸ ನಿಯಮ ಹೊರಡಿಸಿದ ಸುತ್ತೋಲೆಯ ಪ್ರತಿ ಕೇಳಿ ಇಸಿದುಕೊಂಡು, ಹಿಂದೆ ಮುಂದೆ ತಿರುಗಿಸಿ ನೋಡಿದ.

"ಸಾರ್, ಇದರ ಜಾವಕ ನಂಬರು ಎಲ್ಲಿದೆ?"

ಆಡಳಿತಾಧಿಕಾರಿಯೂ ತಿರುಗಿಸಿ ನೋಡಿದರು. ಇರಲಿಲ್ಲ.

"ನಂಬರು ಬೀಳದೆ ಹೊರಗೆ ಹೋದ್ರೆ ಇದು ಬರೀ ಕಾಗದ, ಸಾರ್. ಸುತ್ತೋಲೆ ಅಲ್ಲ. ನಾಳೆ ತಪಾಸಣೆಯವರು ಬಂದು, ಯಾವ ಆಧಾರದ ಮೇಲೆ ಔಷಧ ತಡೆದ್ರಿ ಅಂತ ಕೇಳಿದ್ರೆ ಏನು ತೋರಿಸ್ತೀರಿ? ಕೆಳಗೆ ನಿಮ್ಮ ಸಹಿ ಒಂದೇ ಇದೆ."

ಆ ಮುಖದ ಬಣ್ಣ ಹೋಗುವುದನ್ನು ಅರ್ಜಿ ಮಾವ ನೋಡುತ್ತ ನಿಂತ. ಐದು ವರ್ಷದ ಮಗುವಿನಿಂದಾಗಲಿ, ಡಾಕ್ಟರಮ್ಮನ ಕೂಗಾಟದಿಂದಾಗಲಿ ಆಗದ ಕೆಲಸ ತಪಾಸಣೆ ಎಂಬ ಒಂದು ಶಬ್ದದಿಂದ ಆಯಿತು. ನಂಬರು ಬೀಳುವವರೆಗೆ ಸುತ್ತೋಲೆಯನ್ನು ಹಿಂಪಡೆಯಲಾಗಿದೆ ಎಂದು ಔಷಧಾಲಯಕ್ಕೆ ಫೋನು ಹೋಯಿತು. ಸೀಸೆ ಮೇಲೆ ಬಂದು ಹುಡುಗಿಯ ನಾಳಕ್ಕೆ ಹನಿಯತೊಡಗಿದಾಗ ಇನ್ನೂ ಮಧ್ಯಾಹ್ನ ಎರಡೂವರೆ.

ಆದರೆ ನಂಬರು ಬೀಳುವುದಕ್ಕೆ ಎಷ್ಟು ಹೊತ್ತು? ಅರ್ಜಿ ಮಾವ ಅಲ್ಲೇ ಕೂತು ತನ್ನ ಜೀವಮಾನದ ಅತಿ ಚಿಕ್ಕ ಅರ್ಜಿ ಬರೆದ: "ಮಾನ್ಯರೇ, ನನ್ನ ಹಿಂದಿನ ಅರ್ಜಿ ತಿಳಿವಳಿಕೆ ಇಲ್ಲದೆ ಬರೆದದ್ದು. ದಯವಿಟ್ಟು ರದ್ದುಮಾಡಿ." ಮೂರು ಪ್ರತಿ ಬೇಕೆಂದರು. ಕಾರ್ಬನ್ ಹಾಳೆ ಇಲ್ಲದೆ ಮೂರನ್ನೂ ಕೈಯಲ್ಲೇ ಬರೆದು ಕೊಟ್ಟ. ಸಮಿತಿಯಲ್ಲಿ ಮುಂದೆ ಇನ್ನೂ ಎರಡು ಸಭೆ ನಡೆದವು; ರದ್ದಾಗಲು ಐದು ವಾರ ಹಿಡಿಯಿತು. ಅಲ್ಲಿಯವರೆಗೂ ಅವನು ದಿನ ಬಿಟ್ಟು ದಿನ ಹೋಗಿ, ಸುತ್ತೋಲೆಗೆ ಅಪ್ಪಿತಪ್ಪಿ ನಂಬರು ಬಿದ್ದಿದೆಯೇ ಎಂದು ನೋಡಿ ಬರುತ್ತಿದ್ದ.

ಸೊಳ್ಳೆಯ ಕೆಂಪು ಇಳಿಯಿತು, ಚರ್ಮ ಸುಲಿದು ಹೊಸದು ಬಂತು. ಆರೇಳು ತಿಂಗಳಲ್ಲಿ ಸ್ಟೀರಾಯ್ಡ್ ನಿಂತು, ಆಮೇಲೆ ಎಂಟು ಗಂಟೆಯ ಮಾತ್ರೆಯೂ ಒಂದೊಂದೇ ಕಮ್ಮಿಯಾಗಿ ನಿಂತಿತು. ಮೂಳೆಯ ಪರೀಕ್ಷೆಯಲ್ಲಿ ಕ್ಯಾನ್ಸರಿನ ಸುಳಿವಿರಲಿಲ್ಲ. ಕೂದಲು ಮೊದಲಿನದ್ದಕ್ಕಿಂತ ಗುಂಗುರಾಗಿ ಬಂತು. ಅದು ಮಾವನ ಸೆಲ್ಲಿನ ಪ್ರಭಾವವೇ ಎಂದು ಅಕ್ಕ ಕೇಳಿದ್ದಕ್ಕೆ ಡಾಕ್ಟರಮ್ಮ ಅಲ್ಲವೆಂದರು.

ಹಳೆಯ ರಕ್ತದ ಜೊತೆಗೆ ಸೊಳ್ಳೆ ಕೂಸಿದ್ದಾಗ ಹಾಕಿಸಿಕೊಂಡ ಲಸಿಕೆಗಳ ನೆನಪೂ ಅಳಿಸಿಹೋಗಿತ್ತು. ಎಲ್ಲವನ್ನೂ ಮೊದಲಿನಿಂದ ಹಾಕಿಸಬೇಕು. ಒಂದು ಬುಧವಾರ ಬೆಳಿಗ್ಗೆ ಅರ್ಜಿ ಮಾವ ಅವಳನ್ನು ಲಸಿಕೆಯ ಕೋಣೆಗೆ ಕರೆದೊಯ್ದ. ಗೋಡೆಯ ತುಂಬ ಬಾತುಕೋಳಿಯ ಚಿತ್ರ, ಬೆಂಚಿನ ತುಂಬ ತಾಯಂದಿರು, ಮಡಿಲ ತುಂಬ ಅಳುವ ಕೂಸುಗಳು. ನಡುವೆ ಉದ್ದನೆಯ ಕಾಲು ಮಡಚಿಕೊಂಡು ಹದಿಮೂರರ ಸೊಳ್ಳೆ, ನಾಚಿಕೆಯಿಂದ ಮಾವನ ಬೆನ್ನ ಹಿಂದೆ ಮುಖ ಮರೆಸಿಕೊಂಡಿದ್ದಳು. ಮುಂದಿನವರು ಎಂದು ಕರೆದ ನರ್ಸ್ ಮಗು ಎಲ್ಲಿ ಎಂದು ಹುಡುಕಿದಳು. ಅರ್ಜಿ ಮಾವ ಮಗುವನ್ನು ತೋರಿಸಿದ. ನರ್ಸ್ ನಗುತ್ತ, ಇಂಥ ದೊಡ್ಡ ಕೂಸನ್ನು ಮಡಿಲಲ್ಲಿ ಹಿಡಿದುಕೊಳ್ಳುವವರು ಯಾರು ಎಂದಳು.

"ಹಿಡ್ಕೊಳ್ಳೋದೇನೂ ಬೇಡ," ಎಂದು ಸೊಳ್ಳೆ ತೋಳು ಮೇಲೇರಿಸಿದಳು. ಆಮೇಲೆ ಸೂಜಿ ಕಂಡದ್ದೇ ಮಾವನ ಕೈ ಹಿಡಿದುಕೊಂಡಳು.